ಒಂಟೆಗಳು ಬಂದ್ರು

ನನ್ನ ದನಿ ಇನ್ನೂ ಒಡೆದಿರದ ಕಾಲ ಅದು. ಸ್ಯಾನ್ ರಮೋನಿನ ಮನೆಯಲ್ಲಿ ನನ್ನ ಗಂಟಲೊಳಗೆ ಹತ್ತು ಜನ ಬಾಡಿಗೆಯಿಲ್ಲದೆ ವಾಸವಾಗಿದ್ದರು. ಮೀಟಿಂಗಿನಲ್ಲಿ ಹಲ್ಲು ಕಚ್ಚಿ ‘ಗ್ರೇಟ್ ಪಾಯಿಂಟು’ ಅನ್ನುವ ಅಪ್ಪ, ಫ್ರೀವೇಯಲ್ಲಿ ಪಕ್ಕದ ಕಾರಿಗೆ ಬುದ್ಧಿ ಹೇಳುವ ಅಮ್ಮ, ಮಂತ್ರದ ನಡುವೆಯೇ ಪಾರ್ಕಿಂಗು ಸರಿಮಾಡಿಸುವ ದೇವಸ್ಥಾನದ ಭಟ್ಟರು. ಕನ್ನಡ ಬಾಯಿಂದ ಹೊರಡುತ್ತಿದ್ದುದು ಇವರನ್ನೆಲ್ಲ ಅಣಕಿಸುವಾಗ ಮಾತ್ರ. ನಾನು ನಾನಾಗಿ ಆಡುತ್ತಿದ್ದುದು ಬರೀ ಇಂಗ್ಲಿಷು.

ನಮ್ಮ ಜೊತೆಗಿದ್ದ ಅಜ್ಜಿ ಆ ರಜೆಯಲ್ಲಿ ಧಾರವಾಡಕ್ಕೆ, ಇನ್ನು ಮುಂದೆ ನನ್ನ ಸೋದರತ್ತೆಯ ಮನೆಯಲ್ಲೇ ಇರಲು ಹೊರಟಿದ್ದಳು.

“ಯಾವಾಗ ನೋಡಿದ್ರೂ ಮಂದಿ ದನಿ. ನಿನ್ನ ದನ್ಯಾಗ ಒಂದು ಮಾತು ಕನ್ನಡ ಕೇಳಿ ಹೋಗ್ತೀನೋ ತಮ್ಮಾ,” ಅನ್ನುತ್ತಿದ್ದಳು. ನಾನು ಅದನ್ನೂ ಅವಳ ದನಿಯಲ್ಲೇ ತಿರುಗಿ ಒಪ್ಪಿಸುತ್ತಿದ್ದೆ.

ಅವಳನ್ನು ಬಿಡಲು ಹೊರಟವರು ದಾರಿಯಲ್ಲಿ ಟರ್ಕಿಯಲ್ಲಿ ಇಳಿದೆವು. ಒಂದು ಸಣ್ಣ ಊರಿನಲ್ಲಿ ಆಟೊಮನ್ ಸುಲ್ತಾನರ ಕಾಲದ ಮಸೀದಿ, ಅದಕ್ಕೆ ಅಂಟಿಕೊಂಡೇ ದೂರದ ವ್ಯಾಪಾರಿಗಳು ಇಳಿದುಕೊಳ್ಳುತ್ತಿದ್ದ ಕಲ್ಲಿನ ದೊಡ್ಡ ಕಟ್ಟಡ. ಬಾಗಿಲಲ್ಲಿ ಅಮ್ಮನಿಗೆ ತಲೆವಸ್ತ್ರ ಹುಡುಕುವಷ್ಟರಲ್ಲಿ ಅಜ್ಜಿ ತಲೆ ಮೇಲೆ ಸೆರಗು ಹೊದ್ದು, ಚಪ್ಪಲಿ ಗೂಡಿನಲ್ಲಿಟ್ಟು, ತವರಿಗೆ ಬಂದವಳ ಹಾಗೆ ಒಳಗೆ ಹೋಗಿಯಾಗಿತ್ತು. ಗುಮ್ಮಟದ ಕೆಳಗೆ ಮೆತ್ತನೆಯ ಕೆಂಪು ಜಮಖಾನೆ. ಉಣ್ಣೆಯ ವಾಸನೆ, ಅದರೊಳಗೆ ಊರವರ ಕಾಲ್ಚೀಲಗಳ ವಾಸನೆ. ಯಾರನ್ನಾದರೂ ಅಣಕಿಸಲು ಬಾಯಿ ತುರಿಸಿತು. ಅಜ್ಜಿ ಕೈ ಹಿಡಿದು ಕೂರಿಸಿ, ತಾನೂ ಕೂತು ಕಣ್ಣು ಮುಚ್ಚಿದಳು. ನಾನು ಕೂತೆ. ಗಂಟಲಿನ ಹತ್ತು ಜನರೂ ಕೂತರು.

ಆಮೇಲೆ ಪಕ್ಕದ ಕಟ್ಟಡದ ಅಂಗಳ. ಎಳ್ಳು ಮೆತ್ತಿದ, ಬಳೆಯಂಥ ಬ್ರೆಡ್ಡು ಕೊಡಿಸಿ ಅಪ್ಪ ಆಫೀಸಿನ ಫೋನಿಗೆಂದು ಆಚೆ ಹೋದ. ಅಮ್ಮ ಫೋಟೋ ತೆಗೆಯಲು ಹೋದಳು. ಗೈಡು ಆ ವ್ಯಾಪಾರಿಗಳ, ಅವರ ಒಂಟೆಗಳ ಕಥೆಯನ್ನು ಇಂಗ್ಲಿಷಿನಲ್ಲಿ ಶುರುಮಾಡಿದ. ಅಜ್ಜಿ ನನ್ನ ಭುಜ ತಿವಿದಳು. “ಏನಂತಾನ, ಹೇಳೋ.”

ಬಾಯಿ ತೆರೆದೆ. ಯಾರ ದನಿಯೂ ಸಿಗಲಿಲ್ಲ. ಕನ್ನಡದಲ್ಲಿ ಒಂಟೆಯ ವಿಷಯ ಮಾತಾಡಿದವರು ನಮ್ಮ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಅಣಕಿಸುವುದಾದರೂ ಯಾರನ್ನು?

“ಅಜ್ಜಿ, ಇಲ್ಲಿ... ಒಂಟೆಗಳು ಬಂದ್ರು. ತುಂಬಾ ದೂರದಿಂದ ಬಂದ್ರು. ಮೂರು ದಿನ ಊಟ ಮಾಡಿದ್ರು. ಯಾರೂ ದುಡ್ಡು ಕೇಳಲಿಲ್ಲ.”

ಅಜ್ಜಿ ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿದಳು. “ಛತ್ರ ಅನ್ನು ಹಂಗಾದ್ರ. ಒಂಟಿ ಬಂದ್ರು ಅಂದೇನು?”

“ಬಂದ್ರು.”

ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಾನು ಮುಖ ಊದಿಸಿಕೊಂಡು, ತಪ್ಪಾಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ.

“ತಪ್ಪs. ಅದಕ್ಕs ಇದು ನಿಂದs ದನಿ,” ಅಂದಳು. “ಒಂಟಿಗೆ ಇಷ್ಟು ಮರ್ಯಾದಿ ನಮ್ಮ ಮನ್ಯಾಗ ಯಾರೂ ಕೊಡಂಗಿಲ್ಲ. ಮತ್ತೊಮ್ಮೆ ಹೇಳು.”

ಗೈಡು ಮುಗಿಸುವವರೆಗೂ ಹೇಳಿದೆ. ಕುದುರೆಗಳೂ ಬಂದ್ರು, ಕತ್ತೆಗಳೂ ಮಲಗಿದ್ರು.

ಈಗ ನನ್ನ ದನಿ ಒಡೆದು ತಗಡಾಗಿದೆ. ಅಜ್ಜಿಯ ದನಿ ತೆಗೆಯಲು ಹೋದರೆ ಹಳೇ ಪ್ರಿಂಟರು ಕೆಮ್ಮಿದಂತಾಗುತ್ತದೆ. ಗಂಟಲು ಖಾಲಿಮಾಡಿ ಹೋದ ಆ ಪುಕ್ಕಟೆ ಬಾಡಿಗೆದಾರಳ ನೆನಪು ಆಗಾಗ ಕಾಡುತ್ತದೆ. ಉಳಿದದ್ದು ಒಂದೇ ದನಿ, ತಪ್ಪು ಕನ್ನಡದ್ದು.

ಭಾನುವಾರ ಧಾರವಾಡದಿಂದ ಅಜ್ಜಿಯ ಫೋನು ಬಂದಾಗ ಮೊದಲ ಪ್ರಶ್ನೆ ಅದೇ. “ಒಂಟಿ ಹೆಂಗಿದ್ದಾರೋ?”

“ಆರಾಮಿದ್ದಾರೆ ಅಜ್ಜಿ,” ಅನ್ನುತ್ತೇನೆ. “ನಿಮ್ಮನ್ನ ಕೇಳಿದ್ರು.”