ಲಿವೋನಿಯಾದ ಗೋದಾಮಿನಲ್ಲಿ ಪ್ರಭಾವತಿಯವರ ಮೂಗು

ಬೆಳಗಿನ ಐದೂವರೆ. ಅಮೆರಿಕದ ಡೆಟ್ರಾಯಿಟ್ ಹತ್ತಿರದ ಲಿವೋನಿಯಾದ ರೈಲು ಹಳಿಯ ಪಕ್ಕದ ಗೋದಾಮಿನಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಒಳಗೆ ವರ್ಷವಿಡೀ ಐವತ್ತೈದು ಡಿಗ್ರಿ ಫ್ಯಾರನ್‌ಹೀಟ್. ಅದಕ್ಕೇ ಪ್ರಭಾವತಿ ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರ್ ಹಾಕಿಕೊಂಡಿದ್ದಾರೆ. ಉದ್ದನೆಯ ಮೇಜಿನ ಮೇಲೆ ಹನ್ನೆರಡು ಬಾಟಲಿ, ಹನ್ನೆರಡು ಗ್ಲಾಸು. ಬಿರಡೆ ತೆಗೆಯುತ್ತಾರೆ, ಎರಡು ಚಮಚದಷ್ಟು ಸುರಿಯುತ್ತಾರೆ, ಗ್ಲಾಸನ್ನು ಒಮ್ಮೆ ತಿರುಗಿಸಿ ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಾರೆ. ಕುಡಿಯುವುದಿಲ್ಲ. ಐವತ್ತಾರು ವರ್ಷದ ಈ ಮೈಸೂರಿನ ಹೆಣ್ಣುಮಗಳು ಇದುವರೆಗೆ ಒಂದು ಗುಟುಕು ವೈನನ್ನೂ ನುಂಗಿದವರಲ್ಲ.

ಏಳನೆಯ ಗ್ಲಾಸಿನ ಮುಂದೆ ಕೈ ನಿಲ್ಲುತ್ತದೆ. ಮತ್ತೊಮ್ಮೆ ಮೂಸುತ್ತಾರೆ. "ಬೇಸ್‌ಮೆಂಟಿಗೆ ನೀರು ನುಗ್ಗಿ ರಟ್ಟಿನ ಡಬ್ಬ ನೆಂದ್ರೆ ಒಂದು ವಾಸನೆ ಬರುತ್ತಲ್ಲ, ಅದು. ಬಿರಡೆಯಿಂದ ಹತ್ಕೊಳ್ಳೋದು. ವೈನಿಂದೇನೂ ತಪ್ಪಿಲ್ಲ, ಪಾಪ," ಎನ್ನುತ್ತಾ ಇಡೀ ಬಾಟಲಿಯನ್ನು ಸಿಂಕಿಗೆ ಸುರಿಯುತ್ತಾರೆ. ಹೊಸದೊಂದು ಬಾಟಲಿ ಅದರ ಜಾಗಕ್ಕೆ ಬರುತ್ತದೆ.

ಈ ಗೋದಾಮಿನ ಯಜಮಾನ ಗೆರ್ಹಾರ್ಡ್ ನಲವತ್ತು ವರ್ಷದ ಹಿಂದೆ ಆಸ್ಟ್ರಿಯಾದಿಂದ ಬಂದವರು. ತಮ್ಮ ದೇಶದ ಕೆಂಪು ವೈನನ್ನು ಮಾತ್ರ ತರಿಸಿ ಡೆಟ್ರಾಯಿಟ್, ಶಿಕಾಗೋಗಳ ಹೋಟೆಲುಗಳಿಗೆ ಮಾರುತ್ತಾರೆ. ಮಾರಲು ಹೋಗುವವರು ಪ್ರತಿದಿನ ಮಾದರಿ ಬಾಟಲಿಗಳನ್ನು ಚೀಲದಲ್ಲಿಟ್ಟುಕೊಂಡು ಹೊರಡುತ್ತಾರೆ. ಹೋಟೆಲಿನವರು ಒಂದು ಗುಟುಕು ಕುಡಿದು ಬೇಕು, ಬೇಡ ಎನ್ನುತ್ತಾರೆ. ಆ ಒಂದು ಗುಟುಕು ಕೆಟ್ಟಿರಬಾರದು. ಅದನ್ನು ನೋಡಿಕೊಳ್ಳುವುದೇ ಪ್ರಭಾವತಿಯವರ ಕೆಲಸ. ಒಂದೂವರೆ ವರ್ಷದಲ್ಲಿ ಅವರು ಮೂಸಿದ ಬಾಟಲಿಗಳು ನಾಲ್ಕು ಸಾವಿರದ ಹತ್ತಿರ ಬಂದಿವೆ. ನೂರಕ್ಕೆ ಮೂರೋ ನಾಲ್ಕೋ ಸಿಂಕಿಗೆ ಹೋಗುತ್ತವೆ. ಯಾವ ಹೋಟೆಲಿನ ವೈನ್ ಪಟ್ಟಿಯಲ್ಲೂ ಅವರ ಹೆಸರಿಲ್ಲ.

ಮೂಗಿನ ಕೆಲಸ ಅವರಿಗೆ ಹೊಸದಲ್ಲ. ಪಕ್ಕದ ಊರಾದ ಪ್ಲಿಮತ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರ ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ದುಡಿದವರು. ಸೀಟಿನ ಬಟ್ಟೆ, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕು, ನೆಲದ ಕಾರ್ಪೆಟ್ಟು, ಇವುಗಳ ತುಂಡನ್ನು ಗಾಜಿನ ಜಾಡಿಯಲ್ಲಿಟ್ಟು ಬಿಸಿ ಮಾಡಿ, ಮುಚ್ಚಳ ತೆಗೆದು ಮೂಸಿ, ವಾಸನೆ ಎಷ್ಟು ಕೆಟ್ಟದ್ದೆಂದು ಅಂಕ ಹಾಕಬೇಕಿತ್ತು. "ಹೊಸ ಕಾರಿನ ವಾಸನೆ ಅಂತ ಜನ ಖುಷಿಪಡ್ತಾರಲ್ಲ, ಅದರ ಹಿಂದೆ ನಮ್ಮಂಥವರ ತಲೆನೋವಿದೆ." 2009ರ ಜನವರಿಯ ಒಂದು ಮಂಗಳವಾರ ಲ್ಯಾಬಿನ ಹನ್ನೊಂದೂ ಜನರನ್ನು ಒಂದೇ ಕೋಣೆಗೆ ಕರೆದು ಮನೆಗೆ ಕಳಿಸಿದರು. ಗಂಡ ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ಮಗಳು ತನ್ಮಯಿ ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ಎಲ್ಲಿ ಅಪ್ಲೈ ಮಾಡಿದರೂ ಉತ್ತರವಿಲ್ಲ. ಏಪ್ರಿಲ್‌ನಲ್ಲಿ ಗೋದಾಮಿಗೆ ಪೆಟ್ಟಿಗೆ ಕಟ್ಟುವವರು ಬೇಕೆಂಬ ಚೀಟಿ ನೋಡಿ ಒಳಗೆ ಬಂದರು. ಎರಡನೆಯ ವಾರ, ಗೆರ್ಹಾರ್ಡ್ ತೆರೆದಿಟ್ಟ ಬಾಟಲಿಯ ಪಕ್ಕ ಹಾದುಹೋಗುವಾಗ "ಇದು ಸರಿಯಿಲ್ಲ" ಅಂದರು. ಗೆರ್ಹಾರ್ಡ್ ಮೂಸಿ ನೋಡಿದರು, ಅವರಿಗೆ ಗೊತ್ತಾಗಲಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಮೂಸಿದಾಗ ಗೊತ್ತಾಯಿತು. ಮಾರನೆಯ ದಿನದಿಂದ ಮೇಜು ಅವರದಾಯಿತು.

ದ್ರಾಕ್ಷಿಗಳ ಪರಿಚಯ ಗೆರ್ಹಾರ್ಡ್ ಅವರಿಂದಲೇ ಆಯಿತು. ಪ್ರಭಾವತಿ ಅದನ್ನು ತಮ್ಮ ಭಾಷೆಗೆ ತಂದುಕೊಂಡಿದ್ದಾರೆ. ಬ್ಲಾವ್‌ಫ್ರಾಂಕಿಶ್ ಹಂಗೆರಿಯ ಗಡಿಯ ಕಡೆ ಹೆಚ್ಚು ಬೆಳೆಯುವ ಕಪ್ಪು ದ್ರಾಕ್ಷಿ, ಹುಳಿ ಜಾಸ್ತಿ, ಒಗರೂ ಇದೆ. "ಈಗಷ್ಟೇ ಕುಟ್ಟಿದ ಕರಿಮೆಣಸು. ಆಮೇಲೆ ನೇರಳೆ ಹಣ್ಣು ತಿಂದ ಮೇಲಿನ ನಾಲಿಗೆ." ಸಾಂಕ್ಟ್ ಲಾರೆಂಟ್ ಬೆಳೆಯುವವರನ್ನು ಗೋಳಾಡಿಸುವ ದ್ರಾಕ್ಷಿ. ಬೇಗ ಹೂ ಬಿಟ್ಟು ಹಿಮಕ್ಕೆ ಸಿಕ್ಕಿಕೊಳ್ಳುತ್ತದೆ, ಬೇಗ ಕೊಳೆಯುತ್ತದೆ. ವಾಸನೆ ಮಾತ್ರ ಬಲು ಮೃದು. ಇವೆರಡನ್ನೂ 1922ರಲ್ಲಿ ಸಂಕರ ಮಾಡಿ ಪಡೆದ ತಳಿ ಝ್ವೈಗೆಲ್ಟ್. ಈಗ ಆ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳೆಯುವ ಕೆಂಪು ದ್ರಾಕ್ಷಿ ಅದೇ. "ಅದು ಮನೆಗೆ ಹೊಂದಿಕೊಂಡು ಹೋಗೋ ಮಗು. ಚೆರಿ ಹಣ್ಣಿನ ವಾಸನೆ, ಯಾರಿಗೂ ತೊಂದರೆ ಕೊಡಲ್ಲ," ಎಂದು ಪ್ರಭಾವತಿ ನಗುತ್ತಾರೆ. ಇಡೀ ಬೆಳಗ್ಗೆ ಅವರು ನಕ್ಕದ್ದು ಆಗ ಒಮ್ಮೆ.

ಈ ವೈನನ್ನು ಮಾರುವುದು ಸುಲಭವಲ್ಲ. 1985ರಲ್ಲಿ ಆಸ್ಟ್ರಿಯಾದ ಕೆಲವು ವ್ಯಾಪಾರಿಗಳು ವೈನ್ ಸಿಹಿಯಾಗಲೆಂದು ಗ್ಲೈಕಾಲ್ ಎಂಬ ರಾಸಾಯನಿಕ ಬೆರೆಸಿ ಸಿಕ್ಕಿಬಿದ್ದಿದ್ದರು. ಆಮೇಲೆ ಅಲ್ಲಿನ ಕಾನೂನು ಬಹಳ ಬಿಗಿಯಾಯಿತು, ವೈನೂ ಸುಧಾರಿಸಿತು. ಆದರೆ ಕಾರಿನ ಊರಾದ ಡೆಟ್ರಾಯಿಟ್‌ನಲ್ಲಿ ವಯಸ್ಸಾದ ಹೋಟೆಲಿನವರು ಇಂದಿಗೂ "ರೇಡಿಯೇಟರಿಗೆ ಹಾಕೋದನ್ನ ಬೆರೆಸಿದ್ರಲ್ಲ, ಅವರದ್ದಾ?" ಎಂದು ಕೇಳುತ್ತಾರೆ. ಅದರ ಮೇಲೆ ಈ ಆರ್ಥಿಕ ಕುಸಿತ ಬೇರೆ. ಊಟಕ್ಕೆ ಹೊರಗೆ ಹೋಗುವವರೇ ಕಡಿಮೆಯಾಗಿ, ಗೆರ್ಹಾರ್ಡ್ ಅವರ ಗಿರಾಕಿ ಹೋಟೆಲುಗಳಲ್ಲಿ ಮೂರರಲ್ಲೊಂದು ಮುಚ್ಚಿತ್ತು.

ಇಂಥ ಕಾಲದಲ್ಲಿ ಈ ವೈನನ್ನು ಹೊತ್ತು ತಿರುಗಿದವರು ಕಲ್ಲಿನಾಥ. ಬಾಗಲಕೋಟೆಯ ಕಡೆಯ, ನಲವತ್ತರ ಆಸುಪಾಸಿನ ಎಂಜಿನಿಯರ್. ಪ್ಲಿಮತ್‌ನಲ್ಲಿ ಪ್ರಭಾವತಿಯವರ ಕಂಪನಿಯಲ್ಲೇ ಇದ್ದು, ಅದೇ ತಿಂಗಳು ಕೆಲಸ ಕಳೆದುಕೊಂಡವರು. "ನಮ್ಮೋರೊಬ್ಬರಿದ್ದಾರೆ, ಮಾತು ಚೆನ್ನಾಗಿ ಆಡ್ತಾರೆ" ಎಂದು ಗೆರ್ಹಾರ್ಡ್ ಅವರ ಮುಂದೆ ನಿಲ್ಲಿಸಿದವರು ಪ್ರಭಾವತಿಯೇ. ವಾರಕ್ಕೆರಡು ಸಲ ಕಲ್ಲಿನಾಥ ಬೆಳಗ್ಗೆ ಆರಕ್ಕೆ ಚೀಲ ತೆಗೆದುಕೊಂಡು ಇನ್ನೂರೆಂಬತ್ತು ಮೈಲಿ ಡ್ರೈವ್ ಮಾಡಿ ಶಿಕಾಗೋ ಮುಟ್ಟುತ್ತಿದ್ದರು. ಹೊರಡುವ ಮುಂಚೆ ಹೇಳುತ್ತಿದ್ದ ಮಾತು ಒಂದೇ: "ಅಕ್ಕಾರ, ನಿಮ್ಮ ಮೂಗ ನಂಬಿ ಹೊಂಟೀನ್ರಿ."

ಕಳೆದ ವರ್ಷದ ನವೆಂಬರ್ ಕೊನೆಯಲ್ಲಿ ಪ್ರಭಾವತಿಗೆ ಜ್ವರ ಬಂತು. ನಾಲ್ಕು ದಿನಕ್ಕೆ ಜ್ವರ ಬಿಟ್ಟಿತು, ವಾಸನೆಯೂ ಹೋಯಿತು. ಮೊದಲು ಗೊತ್ತಾದದ್ದು ಅಡುಗೆಮನೆಯಲ್ಲಿ. ಒಗ್ಗರಣೆ ಸೀದು ಹೊಗೆ ಎದ್ದು, ರಜೆಗೆ ಬಂದಿದ್ದ ಮಗಳು ಮಹಡಿಯಿಂದ ಓಡಿ ಬಂದರೂ ಒಲೆಗೆ ಬೆನ್ನು ಹಾಕಿ ಪಕ್ಕದಲ್ಲೇ ನಿಂತಿದ್ದ ತಾಯಿಗೆ ತಿಳಿದಿರಲಿಲ್ಲ. ಇಂಗಿನ ಡಬ್ಬಿ ಮೂಸಿದರು, ಕಾಫಿಪುಡಿ ಮೂಸಿದರು. ಏನೂ ಇಲ್ಲ. ತನ್ಮಯಿ ಇಂಗ್ಲಿಷಿನಲ್ಲಿ, "ಅಮ್ಮಾ, ಜಸ್ಟ್ ಟೆಲ್ ದೆಮ್," ಅಂದಳು. "ಎರಡು ದಿನದಲ್ಲಿ ಬರುತ್ತೆ ಬಿಡೇ," ಎಂದರು ತಾಯಿ.

ಬರಲಿಲ್ಲ. ಹನ್ನೊಂದು ದಿನ ಅವರು ಮೇಜಿನ ಮುಂದೆ ನಿಂತು, ಗ್ಲಾಸನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಸರಿ ಇದೆ ಎಂದು ದಾಖಲೆಯಲ್ಲಿ ಬರೆದರು. "ನೀರಿನ ಗ್ಲಾಸ್ ಮೂಸಿದ ಹಾಗೆ. ಬಣ್ಣ ನೋಡಿ ಬರೆದೆ. ಮೂಗು ಹೋಯ್ತು ಅಂದ್ರೆ ಕೆಲಸ ಹೋಯ್ತು ಅನ್ನೋ ಭಯ. ಬೇರೆ ಯಾವ ಕಾರಣಾನೂ ಇಲ್ಲ. ಇದ್ದಿದ್ರೆ ಹೇಳ್ತಿದ್ದೆ."

ಹನ್ನೆರಡನೆಯ ದಿನ ಶಿಕಾಗೋದ ದೊಡ್ಡ ಹೋಟೆಲೊಂದರಲ್ಲಿ ಆ ಚಳಿಗಾಲದ ಅತಿ ದೊಡ್ಡ ಆರ್ಡರ್ ಕೈಗೆ ಸಿಗುವುದರಲ್ಲಿತ್ತು. ಮೂರು ವೈನೂ ಅವರ ಪಟ್ಟಿಗೆ ಸೇರುವುದೆಂದು ಮಾತಾಗಿತ್ತು. ಅಂದು ಮಾಲೀಕರೇ ರುಚಿ ನೋಡಲು ಕೂತಿದ್ದರು. ಕಲ್ಲಿನಾಥ ಮೊದಲು ಸುರಿದದ್ದು ಬ್ಲಾವ್‌ಫ್ರಾಂಕಿಶ್. ಅದು ನೆನೆದ ರಟ್ಟಿನಂತೆ ನಾರುತ್ತಿತ್ತು. ಮಾಲೀಕರು ಗ್ಲಾಸನ್ನು ಪಕ್ಕಕ್ಕೆ ತಳ್ಳಿ, ಹಳೆಯ ಗ್ಲೈಕಾಲ್ ಕತೆ ಎತ್ತಿ, ಉಳಿದೆರಡನ್ನು ಮುಟ್ಟದೆ ಎದ್ದುಹೋದರು.

ಮರುದಿನ ಗೋದಾಮಿನಲ್ಲಿ ಗೆರ್ಹಾರ್ಡ್ ದಾಖಲೆ ತೆಗೆದು ನೋಡಿದರು. ಆ ಬಾಟಲಿ ಸರಿ ಇದೆ ಎಂದು ಬರೆದಿತ್ತು. ಹಾಗಾದರೆ ತಪ್ಪು ದಾರಿಯಲ್ಲಾಗಿದೆ, ಹೀಟರ್ ಹಾಕಿದ ಕಾರಿನಲ್ಲಿ ಇಟ್ಟಿರಬೇಕು, ಹಿಂದಿನ ವಾರದ್ದನ್ನೇ ಸುರಿದಿರಬೇಕು ಎಂದರು. "ಇಲ್ಲ ಸರ್," ಎಂದು ಕಲ್ಲಿನಾಥ ಪ್ರಭಾವತಿಯವರ ಕಡೆ ತಿರುಗಿದರು. ಪ್ರಭಾವತಿ ಪೆಟ್ಟಿಗೆಗೆ ಟೇಪು ಅಂಟಿಸುತ್ತಿದ್ದರು. ಅಂಟಿಸುತ್ತಲೇ ಇದ್ದರು. ಶುಕ್ರವಾರ ಕಲ್ಲಿನಾಥರನ್ನು ಕೆಲಸದಿಂದ ತೆಗೆದರು.

ಸೋಮವಾರ ಬೆಳಗ್ಗೆ ಪ್ರಭಾವತಿ ಯಜಮಾನರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದರು. ನನ್ನನ್ನು ಕಳಿಸಿ, ಅವರನ್ನು ಕರೆಸಿ ಎಂದರು. ಗೆರ್ಹಾರ್ಡ್, ಕ್ರಿಸ್‌ಮಸ್ಸಿನೊಳಗೆ ಹೇಗೂ ಒಬ್ಬರನ್ನು ತೆಗೆಯಲೇಬೇಕಿತ್ತು, ಇನ್ನು ಮಾರಾಟಕ್ಕೆ ನಾನೇ ಹೋಗುತ್ತೇನೆ, ನೀವು ಪೆಟ್ಟಿಗೆ ಕಟ್ಟಿ ಎಂದರು. ಕಲ್ಲಿನಾಥರನ್ನು ಕರೆಸಲಿಲ್ಲ.

ಅಷ್ಟರಲ್ಲಿ ಕಲ್ಲಿನಾಥ ಹೆಂಡತಿ, ಮಕ್ಕಳನ್ನು ಮಿಷಿಗನ್‌ನಲ್ಲೇ ಬಿಟ್ಟು ಶಿಕಾಗೋ ಹತ್ತಿರದ ವುಡ್‌ರಿಡ್ಜ್‌ಗೆ ಹೋಗಿದ್ದರು. ಅಲ್ಲಿ ಗೆಳೆಯನ ಬೇಸ್‌ಮೆಂಟಿನಲ್ಲಿ ವಾಸ, ಗ್ಯಾಸ್ ಸ್ಟೇಷನ್ನಿನಲ್ಲಿ ಕೆಲಸ. ಫೋನಿನಲ್ಲಿ ಹೇಳುವ ವಿಷಯವಲ್ಲವೆಂದು ಪ್ರಭಾವತಿ ಆ ಶನಿವಾರ ಹಿಮದಲ್ಲಿ ಒಬ್ಬರೇ ಕಾರು ಓಡಿಸಿಕೊಂಡು ಹೋದರು. ಏಳು ಗಂಟೆ ಹಿಡಿಯಿತು. ಕೌಂಟರಿನ ಹಿಂದೆ ನಿಂತಿದ್ದ ಕಲ್ಲಿನಾಥ ಪೂರ್ತಿ ಕೇಳಿಸಿಕೊಂಡರು.

"ಆವತ್ತ ಹೇಳಬೇಕಿತ್ರಿ ಅಕ್ಕಾರ. ನಾ ನಿಮ್ಮ ಕಡೆ ನೋಡಿದೆ."

"ನೋಡಿದ್ದು ಗೊತ್ತಪ್ಪ."

"ನೀವು ಟೇಪ್ ಹಚ್ಚಾಕತ್ತಿದ್ರಿ."

ಕಲ್ಲಿನಾಥ ಯಂತ್ರದಿಂದ ಒಂದು ಲೋಟ ಕಾಫಿ ಹಿಡಿದು ಅವರ ಕೈಗೆ ಕೊಟ್ಟು, "ಹಾದಿ ದೂರ ಐತಿ, ಕತ್ತಲಾಗೂದ್ರೊಳಗ ಹೊಂಡ್ರಿ," ಎಂದರು. ಆ ಕಾಫಿಗೂ ವಾಸನೆ ಇರಲಿಲ್ಲ. ಆಮೇಲೆ ಅವರಿಬ್ಬರೂ ಭೇಟಿಯಾಗಿಲ್ಲ.

ವಾಸನೆ ಮರಳಿದ್ದು ಮಾರ್ಚಿನಲ್ಲಿ, ಅದೂ ಚೂರುಚೂರಾಗಿ. ಮೊದಲು ಸೋಪು, ಆಮೇಲೆ ಮೆಣಸು. ಏಪ್ರಿಲ್‌ನಲ್ಲಿ ಗೆರ್ಹಾರ್ಡ್ ಅವರೇ ಮತ್ತೆ ಮೇಜಿಗೆ ಕರೆದರು. ಬೇರೆಯವರನ್ನು ಇಟ್ಟುಕೊಳ್ಳುವ ಶಕ್ತಿ ಅವರಿಗಿಲ್ಲ. ಸಾಂಕ್ಟ್ ಲಾರೆಂಟಿನ ಮೆಲುವಾಸನೆ ಪ್ರಭಾವತಿಗೆ ಇವತ್ತಿಗೂ ಪೂರ್ತಿ ಸಿಗುವುದಿಲ್ಲ. ಸಿಗದ ದಿನ ದಾಖಲೆಯಲ್ಲಿ "ಗೊತ್ತಾಗಲಿಲ್ಲ" ಎಂದೇ ಬರೆಯುತ್ತಾರೆ. ಆ ಬಾಟಲಿಯನ್ನು ಗೆರ್ಹಾರ್ಡ್ ಮೂಸುತ್ತಾರೆ. ಈ ವಾರ ಹಾಗೆ ಬರೆದದ್ದು ನಾಲ್ಕು.

ಕಲ್ಲಿನಾಥ ಈಗಲೂ ವುಡ್‌ರಿಡ್ಜ್‌ನಲ್ಲೇ ಇದ್ದಾರೆ. ಈ ಲೇಖನಕ್ಕಾಗಿ ಫೋನ್ ಮಾಡಿದಾಗ ಮೊದಲು ಮಾತಾಡಲು ಒಪ್ಪಲಿಲ್ಲ. ಕೊನೆಗೆ ಹೇಳಿದ್ದಿಷ್ಟು: "ಅವರ ಮೂಗಿನ ಬಗ್ಗೆ ಬರೀರಿ. ಖರೇನ ಛಲೋ ಮೂಗದು. ಉಳಿದದ್ದು ಬರೀಬ್ಯಾಡ್ರಿ. ಇಲ್ಲಿ ನಮ್ಮ ಮಂದಿ ಎಲ್ಲಾರೂ ಓದ್ತಾರ."

ಗೋದಾಮಿನಲ್ಲಿ ಅದನ್ನು ತಿಳಿಸಿದಾಗ ಪ್ರಭಾವತಿ ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟರು.

"ಓದ್ತಾರೆ ಅಂತಲೇ ಬರೀಬೇಕು. ಆ ಬಾಟಲಿ ಕಲ್ಲಿನಾಥ್ ಕೆಡಿಸಿದ್ದಲ್ಲ ಅಂತ ಸರಿಯಾಗಿ ಬರೀರಿ, ಅವರ ಹೆಸರು ಹಾಕಿ ಬರೀರಿ. ಅದನ್ನ ಬಿಟ್ಟು ಬರೆಯೋದಾದ್ರೆ ನನ್ನ ಬಗ್ಗೆ ಬರೀಲೇಬೇಡಿ."