ಕರಾರು ಗುಮಾಸ್ತರ ಫೋನ್ ನಂಬರು

೧೨ ಜೂನ್ ೨೦೦೩, ಗುರುವಾರ. ಬೆಳಿಗ್ಗೆ ತುಂತುರು, ಮಧ್ಯಾಹ್ನ ಬಿಸಿಲು. ಹಾಸನದ ಮಿಡಿಸೌತೆ ಕಂಪನಿಯು ರೈತರೊಂದಿಗಿನ ಒಂಬತ್ತು ಸಾವಿರ ಕರಾರುಗಳನ್ನು ಕಂಪ್ಯೂಟರಿಗೆ ಏರಿಸಿ ಮುಗಿಸಿದ್ದರೂ, ಗುಮಾಸ್ತ ಯೋಗಾನರಸಿಂಹಯ್ಯನವರು ಹಳೆಯ ಕರಾರು ಕಾಗದಗಳನ್ನು ಕಟ್ಟಿಟ್ಟ ಕೆಂಪು ಬಟ್ಟೆಯ ಗಂಟುಗಳನ್ನು ಬಿಟ್ಟುಕೊಟ್ಟಿರಲಿಲ್ಲ. ರಾಹುಕಾಲದಲ್ಲಿ ಅವರು ಯಾರಿಂದಲೂ ರುಜು ಹಾಕಿಸರು. ಮ್ಯಾನೇಜರೂ ಪೆನ್ನಿಗೆ ಮುಚ್ಚಳ ಹಾಕಿಕೊಂಡು ಕಾಯಬೇಕು. ಹೆಬ್ಬೆಟ್ಟು ಒತ್ತುವವರಿಗೆ ಹನ್ನೊಂದು ಪುಟಗಳನ್ನೂ ಪುರಾಣದ ರಾಗದಲ್ಲಿ ಓದಿ ಹೇಳುವರು. "ಸಾಕು ಬುಡಿ ಸಾ, ಬಸ್ಸು ಒಂಟೋಯ್ತದೆ" ಎಂದು ಅರಕಲಗೂಡಿನ ದೊಡ್ಡಬೀರಯ್ಯ ಗೋಗರೆದರೆ, "ಬಸ್ಸು ಇನ್ನೊಂದು ಬರುತ್ತೆ, ಒಂಬತ್ತನೇ ಕಲಮು ಕೇಳು, ಕೂತ್ಕೊಳಯ್ಯ" ಎನ್ನುವರು. ಕಂಪ್ಯೂಟರಿಗೆ ಈ ತಾಳ್ಮೆ ಇರಲಿಲ್ಲ. ಅವಧಿ ಮುಗಿಯುವವರಿಗೆ ಫೋನಿನಲ್ಲಿ ತಿಳಿಸಬೇಕು, ಆ ವಾರದ ಶನಿವಾರದೊಳಗೆ ಬಂದು ಮತ್ತೆ ರುಜು ಹಾಕದವರ ಕರಾರು ತಾನಾಗಿ ರದ್ದು. ನಂಬರು ಇಲ್ಲದವರ ಹೆಸರನ್ನೇ ಅದು ಒಳಗೆ ಸೇರಿಸದು. ಆದ್ದರಿಂದ ನಂಬರುಗಳ ಪಟ್ಟಿಯನ್ನು ಗುಮಾಸ್ತರೇ ಬರೆದುಕೊಟ್ಟಿದ್ದರು. ಹಳೇಕೋಟೆಯ ಲಕ್ಕಮ್ಮನಿಗೆ ಇದ್ದದ್ದು ಅರ್ಧ ಎಕರೆ. ಕರಾರು ತಪ್ಪಿದರೆ ಈ ಬೆಳೆಗೆ ಬೀಜವೂ ಸಿಗದು. ಆಪರೇಟರ್ ಹಂಸ ಅಂದು ಆಕೆಯ ನಂಬರಿಗೆ ಫೋನ್ ಮಾಡಿದರೆ, ಎತ್ತಿದವರು ಗುಮಾಸ್ತರ ಹೆಂಡತಿ ಗೋದಮ್ಮ. "ಲಕ್ಕಮ್ಮಂಗೆ ನಮ್ಮನೆಯವರೇ ಹೋಗಿ ಹೇಳ್ತಾರೆ ಕಣಮ್ಮ. ಫೋನಿಲ್ಲದ ಇನ್ನೂ ಅರವತ್ತೆರಡು ಜನಕ್ಕೆ ನಮ್ಮನೆ ನಂಬರೇ ಕೊಟ್ಟಿದಾರೆ, ನೀನು ದಿನಕ್ಕೆ ಒಂದೊಂದೇ ಫೋನ್ ಮಾಡು." ಹಂಸ ರಿಸೀವರ್ ಇಟ್ಟು ತಿರುಗಿದಳು, ಪಕ್ಕದ ಮೇಜಿನಲ್ಲಿ ಗುಮಾಸ್ತರು ರಜಾ ಅರ್ಜಿ ಬರೆಯುತ್ತಿದ್ದರು. ಮರುದಿನ ಅವರು ಲಕ್ಕಮ್ಮನನ್ನು ಕರೆತಂದು ಹೆಬ್ಬೆಟ್ಟು ಒತ್ತಿಸಿದರು. ಗುಮಾಸ್ತರ ಕೈಯಿಂದಾದ ಖರ್ಚು: ಆಕೆಯ ವಾಪಸು ಚಾರ್ಜೂ ಸೇರಿ ಬಸ್ಸಿಗೆ ಐವತ್ತಾರು ರೂಪಾಯಿ, ಇಬ್ಬರ ಕಾಫಿಗೆ ಆರು, ಒಂದು ದಿನದ ರಜೆ.