ಬೀರಪ್ಪನ ಎರಡನೇ ಸಾಲು

ಒದ್ದೆ ಕಂಬಳಿಯ ವಾಸನೆ ಎಲ್ಲಿ ಬಂದರೂ ನನಗೆ ನೆನಪಾಗುವುದು ಸಂಸ್ಕೃತ ಶ್ಲೋಕ. ತೊಂಬತ್ತರ ದಶಕದಲ್ಲಿ ಕೊಟ್ಟೂರಿನ ಒಂದು ಪುಟ್ಟ ಸಂಸ್ಕೃತ ಕಾಲೇಜಿನಲ್ಲಿ ನಾವು ಗಂಡುಹುಡುಗರಷ್ಟೇ ಇದ್ದೆವು, ಮೂವತ್ತು ಮಂದಿ. ಇಪ್ಪತ್ತೇ ಇದ್ದರೂ ಇರಬಹುದು. ನೆನಪು ಊಟದ ಪಂಕ್ತಿಯನ್ನು ಉದ್ದ ಮಾಡುತ್ತದೆ. ಹೊಸಹಳ್ಳಿಯ ಕುರಿಗಾರರ ಮನೆಯ ಬೀರಪ್ಪ ನನ್ನ ಜೊತೆಗಾರ. ಮಳೆಯಲ್ಲಿ ನೆನೆದ ಅಪ್ಪನ ಕಂಬಳಿ ಹೊದ್ದೇ ಪಾಠಕ್ಕೆ ಕೂರುತ್ತಿದ್ದ. ಅದು ಕರಿಯದು ಎಂದು ಬರೆದು ಹೊಡೆದುಹಾಕಿದ್ದೇನೆ. ಬಣ್ಣ ನನಗೆ ಗೊತ್ತಿಲ್ಲ.

ನಮ್ಮಲ್ಲಿ ಜೋಡಿಪಾಠದ ಪದ್ಧತಿ. ಇಬ್ಬರು ಎದುರುಬದುರು ಕೂತು, ಶ್ಲೋಕದ ಮೊದಲ ಸಾಲು ಒಬ್ಬ, ಎರಡನೆಯದು ಇನ್ನೊಬ್ಬ, ಉಸಿರು ಬಿಡದೆ ಹೇಳುತ್ತ ಹೋಗಬೇಕು. ವಾರಕ್ಕೊಮ್ಮೆ ಸಾಲು ಅದಲುಬದಲಾಗಬೇಕೆಂದು ಚನ್ನಬಸಯ್ಯ ಮೇಷ್ಟ್ರ ಅಪ್ಪಣೆ. ನಾವು ಮಾಡಲಿಲ್ಲ. ನಮ್ಮ ಓಟ ಅಷ್ಟು ಚೆಂದ ಕೂಡಿಬಂದಿತ್ತು. ಬೇವಿನ ನೆರಳಲ್ಲಿ ಮಂಡಕ್ಕಿ ಮುಕ್ಕುತ್ತ, ತೊಡೆ ತಟ್ಟುತ್ತ ಹೇಳುತ್ತಿದ್ದರೆ ಹೊಸ ಹುಡುಗರಿಗೆ ಮೇಷ್ಟ್ರು ನಮ್ಮನ್ನೇ ತೋರಿಸುತ್ತಿದ್ದರು. ವರ್ಷದ ಕೊನೆಗೆ, ಮೌಖಿಕ ಪರೀಕ್ಷೆಯ ಹಿಂದಿನ ದಿನ, ಒಬ್ಬೊಬ್ಬರೇ ಹೇಳಿ ನೋಡಿದಾಗ ಗೊತ್ತಾಯಿತು: ನನ್ನ ಬಳಿ ಬರೀ ಮೊದಲ ಸಾಲುಗಳಿದ್ದವು, ಅವನ ಬಳಿ ಬರೀ ಎರಡನೆಯವು.

"ಲೇ, ಫೇಲಾದ್ರ ನಮ್ಮಣ್ಣ ಕುರಿ ಕಾಯಾಕ ಕರ್ಕೊಂಡು ಹೋಗ್ತಾನ. ಕುರಿ ಅರ್ಧ ಶ್ಲೋಕಕ್ಕ ತಿರುಗಿ ನೋಡಂಗಿಲ್ಲ," ಎಂದು ಬೀರಪ್ಪ ನಕ್ಕ.

ಪರೀಕ್ಷಕರು ಹರಪನಹಳ್ಳಿಯಿಂದ ಬಂದ ಮುದುಕರು. ಮೊದಲು ಬೀರಪ್ಪನನ್ನು ಕರೆದರು. ಅವನು ಒಂದು ಸಾಲಿನಷ್ಟು ಹೊತ್ತು ಸುಮ್ಮನೆ ನಿಂತು, ಎರಡನೆಯದನ್ನು ಸ್ಪಷ್ಟವಾಗಿ ಹೇಳಿದ. ಮತ್ತೆ ಸುಮ್ಮನೆ, ಮತ್ತೆ ಸಾಲು. ಬಾಗಿಲ ಹೊರಗೆ ನಿಂತ ನನ್ನ ತುಟಿ ಆ ಖಾಲಿ ಜಾಗದಲ್ಲಿ ತಾನಾಗಿ ಅಲ್ಲಾಡುತ್ತಿತ್ತು.

"ಮೊದಲ್ನೇ ಸಾಲು ಯಾರ ಹತ್ರ ಇದಾವಪ್ಪಾ?"

"ಹೊರಗ ನಿಂತಾನ್ರಿ."

ನನ್ನನ್ನೂ ಕರೆದರು. ಇಬ್ಬರೂ ಸೇರಿ ಕೇಳಿದ್ದೆಲ್ಲ ಹರಿಯುವ ನೀರಿನಂತೆ ಹೇಳಿದೆವು. ಅದಲುಬದಲು ಮಾಡಿ ಎಂದಾಗ ಇಬ್ಬರೂ ಕಂಬವಾದೆವು. ಚನ್ನಬಸಯ್ಯ ಮೇಷ್ಟ್ರು ಶಲ್ಯದಲ್ಲಿ ಮುಖ ಮುಚ್ಚಿಕೊಂಡರು; ಹೆಗಲು ಕುಣಿಯುತ್ತಿತ್ತು. ಮುದುಕರು ಮಾತ್ರ ನಗಲಿಲ್ಲ. "ನೀವಿಬ್ರೂ ಸೇರಿದ್ರೆ ಒಬ್ಬ ವಿದ್ಯಾರ್ಥಿ. ಒಂದೇ ಪಾಸು. ಯಾರಿಗೆ ಬರೀಲಿ?"

ನಾನು ನೆಲ ನೋಡಿದೆ.

"ಅವಗ ಬರೀರಿ," ಎಂದ ಬೀರಪ್ಪ. "ನನಗ ಕುರಿ ಕಾಯಾಕರ ಬರ್ತೈತಿ. ಅವಗ ಅದೂ ಬರಂಗಿಲ್ಲ."

ಈಗ ಮುದುಕರೂ ನಕ್ಕರು. ಸಂಜೆ ತಮ್ಮ ಬಸ್ಸು ಹೊರಡುವುದರೊಳಗೆ ಹತ್ತು ಶ್ಲೋಕ ಅದಲುಬದಲು ಮಾಡಿ ಒಪ್ಪಿಸಿದರೆ ಇಬ್ಬರಿಗೂ ಪಾಸು ಎಂದರು. ಬಸ್‌ ನಿಲ್ದಾಣದಲ್ಲಿ ಅವರ ಕಿಟಕಿಯ ಕೆಳಗೆ ನಿಂತು ನಾವು ಹೇಳುತ್ತಿದ್ದರೆ ಕಡಲೆಕಾಯಿ ಮಾರುವಾಕೆ ಬುಟ್ಟಿ ಇಳಿಸಿ ಕೇಳಿದಳು. ಎಂಟನೆಯದರಲ್ಲಿ ಬಸ್ಸು ಹೊರಟಿತು. ಬೀರಪ್ಪ ಪಂಚೆ ಎತ್ತಿಕಟ್ಟಿ ಓಡುತ್ತಲೇ ಹೇಳಿದ, ನಾನು ಹಿಂದೆ. ಹತ್ತು ಮುಗಿಯಿತೋ ಇಲ್ಲವೋ, ಕಿಟಕಿಯಿಂದ ಒಂದು ಕೈ ಹೊರಬಂದು ಆಶೀರ್ವದಿಸುವಂತೆ ನಿಂತಿತು.

ಕಾಲೇಜು ಮುಚ್ಚಿ ಎಷ್ಟೋ ಕಾಲವಾಯಿತು. ಹಡಗಲಿಯಲ್ಲಿ ಸಂಸ್ಕೃತ ಮೇಷ್ಟ್ರಾಗಿದ್ದ ಬೀರಪ್ಪ ಹೋದ ವರ್ಷ ತೀರಿಕೊಂಡ. ಮನೆಗೆ ಹೋದಾಗ ಅವನ ಹೆಂಡತಿ ನೀರು ತಂದಿಟ್ಟು, "ಅವತ್ತು ನೀವು ನಿಮ್ಮ ಪಾಸು ಇವ್ರಿಗೆ ಬಿಟ್ಟುಕೊಡಾಕ ನಿಂತಿದ್ರಂತಲ್ರಿ. ಬಂದೋರ ಮುಂದೆಲ್ಲ ಅದನ್ನ ಹೇಳೋರು," ಎಂದರು.

ಇಲ್ಲ, 'ಅವಗ ಬರೀರಿ' ಅಂದಿದ್ದು ಅವನೇ ಎನ್ನಬೇಕಿತ್ತು. ನಾನು ನೀರು ಕುಡಿದೆ.